ಹಿಂದಿನ ಸೀಟಿನಲ್ಲಿ ಕೂರುವ ಮೊದಲು

ಬೈಕಿನಿಂದ ಬಿದ್ದವರನ್ನು ನೋಡಲು ಆಸ್ಪತ್ರೆಗೆ ಹೋದಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ‘ಹೆಂಗಾಯ್ತು?’ ನಾಯಿ ಅಡ್ಡ ಬಂತು, ಹಂಪ್ ಕಾಣಲಿಲ್ಲ, ಎದುರಿನ ಟ್ರ್ಯಾಕ್ಟರಿನವನು ಲೈಟ್ ಹಾಕಿರಲಿಲ್ಲ ಎಂದು ಉತ್ತರ ಬರುತ್ತದೆ. ಕೇಳಿದವರು ‘ಎಲ್ಲ ಹಣೆಬರಹ’ ಎಂದು ನಿಟ್ಟುಸಿರು ಬಿಟ್ಟು, ಕಿತ್ತಳೆ ಹಣ್ಣಿನ ಕವರನ್ನು ಮಂಚದ ಪಕ್ಕ ಇಟ್ಟು ಬರುತ್ತಾರೆ. ಇನ್ನೊಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಒಂದೇ ಹಂಪಿನಲ್ಲಿ ಒಂದೇ ಗಾಡಿಯಿಂದ ಗಂಡ ಹೆಂಡತಿ ಇಬ್ಬರೂ ಬೀಳುತ್ತಾರೆ. ಓಡಿಸುತ್ತಿದ್ದ ಗಂಡ ಮೊಣಕೈ ತರಚಿಕೊಂಡು ಎದ್ದು ನಿಲ್ಲುತ್ತಾನೆ. ಹಿಂದೆ ಕೂತಿದ್ದ ಹೆಂಡತಿ ಏಳುವುದಿಲ್ಲ. ಬಿದ್ದದ್ದು ಇಬ್ಬರೂ ಆದರೆ, ಪೆಟ್ಟು ಒಬ್ಬರಿಗೇ ಯಾಕೆ ದೊಡ್ಡದಾಯಿತು?

ಈ ಲೇಖನ ಆ ಎರಡನೆಯ ಪ್ರಶ್ನೆಯ ಬಗ್ಗೆ. ಬೀಳುವುದನ್ನು ಪೂರ್ತಿಯಾಗಿ ತಪ್ಪಿಸುವುದು ಯಾರ ಕೈಯಲ್ಲೂ ಇಲ್ಲ. ನಾಯಿ ಬರುತ್ತದೆ, ರಸ್ತೆಯಲ್ಲಿ ಗುಂಡಿ ಇರುತ್ತದೆ. ಆದರೆ ಬಿದ್ದಾಗ ಆಗುವುದು ಬರೀ ತರಚು ಗಾಯವೋ, ಮೂಳೆ ಮುರಿತವೋ, ಮಿದುಳಿನೊಳಗೆ ರಕ್ತಸ್ರಾವವೋ ಎಂಬುದು ಬಹುಪಾಲು ಗಾಡಿ ಅಂಗಳ ಬಿಡುವ ಮೊದಲೇ ತೀರ್ಮಾನವಾಗಿರುತ್ತದೆ. ತಲೆಯ ಮೇಲೆ ಏನಿದೆ, ಹೇಗೆ ಕೂತಿದ್ದೇವೆ, ಸೆರಗು ಎಲ್ಲಿದೆ, ಕ್ಯಾನ್ ಎಲ್ಲಿ ನೇತಾಡುತ್ತಿದೆ, ಓಡಿಸುವವರು ಯಾರು, ಎಷ್ಟು ಅವಸರದಲ್ಲಿದ್ದಾರೆ. ಇಷ್ಟೇ. ಇದರಲ್ಲಿ ಹಣೆಬರಹದ ಪಾಲು ಬಹಳ ಕಡಿಮೆ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಪ್ರತಿವರ್ಷ ಅಪಘಾತಗಳ ಲೆಕ್ಕ ಪ್ರಕಟಿಸುತ್ತದೆ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಿಂದ ಸತ್ತವರು 1,68,491 ಜನ. ನಮ್ಮ ರಾಜ್ಯದಲ್ಲೇ 11,702. ದೇಶದಲ್ಲಿ ಸತ್ತ ಪ್ರತಿ ನೂರು ಜನರಲ್ಲಿ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದವರು. ಅಪಘಾತ ಎಂದರೆ ಬೆಂಗಳೂರಿನ ಟ್ರಾಫಿಕ್ ಎಂದು ನಾವು ಅಂದುಕೊಂಡಿದ್ದರೆ ಅದೂ ಸರಿಯಲ್ಲ. ನೂರರಲ್ಲಿ ಸುಮಾರು 68 ಸಾವು ಗ್ರಾಮೀಣ ಭಾಗದ ರಸ್ತೆಗಳಲ್ಲೇ ಆಗಿವೆ. ಅದೇ ವರ್ಷ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರಲ್ಲಿ ಗಾಡಿ ಓಡಿಸುತ್ತಿದ್ದವರು 35,692, ಹಿಂದೆ ಕೂತಿದ್ದವರು 14,337. ನಮ್ಮ ಊರುಗಳಲ್ಲಿ ಹಿಂದೆ ಕೂರುವವರು ಯಾರು ಎಂದು ಯಾವ ವರದಿಯೂ ಹೇಳಬೇಕಾಗಿಲ್ಲ. ಹೆಂಡತಿ, ತಾಯಿ, ಅತ್ತೆ, ಶಾಲೆಗೆ ಹೋಗುವ ಮಗಳು.

ಹೈನುಗಾರಿಕೆ ಮಾಡುವ ಮನೆಗಳಲ್ಲಿ ಗಾಡಿ ಹತ್ತುವ ಸಂದರ್ಭಗಳೂ ಹೆಚ್ಚು. ಬೆಳಿಗ್ಗೆ ಸಂಜೆ ಡೇರಿಗೆ ಹಾಲು, ನಡುವೆ ಹೊಲದಿಂದ ಮೇವಿನ ಹೊರೆ, ವಾರಕ್ಕೊಮ್ಮೆ ಪಶು ಆಹಾರದ ಮೂಟೆ, ಹಸುವಿಗೆ ಜ್ವರ ಬಂದರೆ ಪಶು ಆಸ್ಪತ್ರೆ, ಬಟವಾಡೆ ಆದಮೇಲೆ ಬ್ಯಾಂಕು. ಪ್ರತಿಯೊಂದೂ ಒಂದೆರಡು ಕಿಲೋಮೀಟರ್. ಅದಕ್ಕೇ ‘ಇಲ್ಲೇ ಡೇರಿ ತನಕ ತಾನೇ’ ಎಂಬ ಮಾತು. ದೂರ ಕಡಿಮೆ ಎಂದ ಮಾತ್ರಕ್ಕೆ ಟಾರು ರಸ್ತೆ ಮೆತ್ತಗಾಗುವುದಿಲ್ಲವಲ್ಲ.

ತಲೆ ಮತ್ತು ತೆಂಗಿನ ಮರ

ಗಂಟೆಗೆ 40 ಕಿಲೋಮೀಟರ್ ವೇಗ ನಮಗೆ ನಿಧಾನ ಅನ್ನಿಸುತ್ತದೆ. ಆ ವೇಗದಲ್ಲಿ ತಲೆ ನೇರವಾಗಿ ಮೋರಿ ಕಟ್ಟೆಗೋ ಮೈಲುಗಲ್ಲಿಗೋ ಬಡಿದರೆ, ಅದು ಸುಮಾರು 20 ಅಡಿ ಎತ್ತರದಿಂದ ತಲೆಕೆಳಗಾಗಿ ಬಿದ್ದದ್ದಕ್ಕೆ ಸಮ. ವೇಗ 60 ಆದರೆ ಆ ಎತ್ತರ 46 ಅಡಿ. ಅಂದರೆ ಚೆನ್ನಾಗಿ ಬೆಳೆದ ತೆಂಗಿನ ಮರದ ತುದಿ. ಕಾಯಿ ಕೀಳುವವನು ಹಗ್ಗ ಕಟ್ಟಿಕೊಳ್ಳದೆ ಮರ ಹತ್ತಿದರೆ ಕೆಳಗೆ ನಿಂತ ನಾವು ಬೈಯುತ್ತೇವೆ. ಅದೇ ಎತ್ತರದಲ್ಲಿ ಬರಿದಲೆಯಲ್ಲಿ ಕೂತು ನಾವು ದಿನಾ ಪ್ರಯಾಣ ಮಾಡುತ್ತೇವೆ.

ವೇಗ ಸ್ವಲ್ಪ ಹೆಚ್ಚಾದರೆ ಪೆಟ್ಟು ಸ್ವಲ್ಪವಲ್ಲ, ಬಹಳ ಹೆಚ್ಚಾಗುತ್ತದೆ ಎಂಬುದೂ ಈ ಲೆಕ್ಕದಲ್ಲೇ ಇದೆ. ವೇಗ ಒಂದೂವರೆ ಪಟ್ಟಾದರೆ ಎತ್ತರ ಎರಡು ಪಟ್ಟು ದಾಟಿತು. ರಸ್ತೆಯಲ್ಲಿ ಓಡುವ ವಾಹನಗಳ ಸರಾಸರಿ ವೇಗ ನೂರಕ್ಕೆ ಒಂದರಷ್ಟು ಏರಿದರೂ ಸಾವು ತರುವ ಅಪಘಾತದ ಸಂಭವ ನೂರಕ್ಕೆ ನಾಲ್ಕರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹೆಲ್ಮೆಟ್ ಮಾಡುವ ಕೆಲಸ ಸರಳ. ಹೊರಗಿನ ಗಟ್ಟಿ ಚಿಪ್ಪು ಪೆಟ್ಟನ್ನು ಒಂದೇ ಜಾಗಕ್ಕೆ ಬೀಳಲು ಬಿಡದೆ ಹರಡುತ್ತದೆ. ಒಳಗಿನ ಥರ್ಮೋಕೋಲಿನಂಥ ಪದರ ನುಜ್ಜುಗುಜ್ಜಾಗಿ ಪೆಟ್ಟಿನ ಬಲವನ್ನು ತಾನು ನುಂಗುತ್ತದೆ. ತಲೆಬುರುಡೆ ನುಜ್ಜಾಗುವ ಬದಲು ಅದು ನುಜ್ಜಾಗುತ್ತದೆ. ಆದ್ದರಿಂದಲೇ ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಮತ್ತೆ ಬಳಸಬಾರದು. ಒಳಗಿನ ಪದರ ತನ್ನ ಕೆಲಸ ಮುಗಿಸಿರುತ್ತದೆ. ಬೇರೆ ಬೇರೆ ದೇಶಗಳಲ್ಲಿ ನಡೆದ 60ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗಿಟ್ಟು 2008ರಲ್ಲಿ ತಜ್ಞರು ಲೆಕ್ಕ ಹಾಕಿದಾಗ, ಹೆಲ್ಮೆಟ್ ಧರಿಸಿದವರಿಗೆ ತಲೆಗೆ ಗಾಯವಾಗುವ ಸಂಭವ ನೂರಕ್ಕೆ 69ರಷ್ಟು ಮತ್ತು ಸಾಯುವ ಸಂಭವ 42ರಷ್ಟು ಕಡಿಮೆ ಎಂದು ಕಂಡುಬಂತು. ಇಷ್ಟು ಕೆಲಸ ಮಾಡುವ ಔಷಧಿ ಯಾವುದಾದರೂ ಇದ್ದರೆ ಮೆಡಿಕಲ್ ಶಾಪಿನ ಮುಂದೆ ಸಾಲು ನಿಲ್ಲುತ್ತಿತ್ತು.

ನಮ್ಮಲ್ಲಿ ಬಹಳ ಮನೆಗಳಲ್ಲಿ ಹೆಲ್ಮೆಟ್ ಇಲ್ಲದೇ ಇಲ್ಲ. ಒಂದು ಇರುತ್ತದೆ. ಅದು ಓಡಿಸುವವರದು, ಅದೂ ಪೊಲೀಸರು ನಿಲ್ಲುವ ಜಾಗದವರೆಗೆ ಕನ್ನಡಿಗೆ ನೇತುಹಾಕಿಕೊಂಡು ಹೋಗಿ ಅಲ್ಲಿ ತಲೆಗೆ ಏರುವಂಥದ್ದು. ಹಿಂದೆ ಕೂರುವವರಿಗೆ ಎರಡನೆಯದು ಬೇಕು ಎಂದು ಯಾರಿಗೂ ಅನ್ನಿಸುವುದಿಲ್ಲ. ಮೋಟಾರು ವಾಹನ ಕಾಯ್ದೆಯ 129ನೇ ಕಲಂ ನಾಲ್ಕು ವರ್ಷ ಮೇಲ್ಪಟ್ಟ ಎಲ್ಲರಿಗೂ, ಓಡಿಸುವವರಿಗೂ ಕೂರುವವರಿಗೂ, ಹೆಲ್ಮೆಟ್ ಕಡ್ಡಾಯ ಎನ್ನುತ್ತದೆ. ಪೇಟ ಧರಿಸುವ ಸಿಖ್ಖರಿಗಷ್ಟೇ ವಿನಾಯಿತಿ. ಸೆರಗು ಹೊದ್ದವರಿಗೆ ಇಲ್ಲ.

ಕೊಳ್ಳುವಾಗ ಐಎಸ್‌ಐ ಗುರುತು ಮತ್ತು ಐಎಸ್ 4151 ಎಂಬ ಸಂಖ್ಯೆ ಇದೆಯೇ ನೋಡಿ. 2021ರ ಜೂನ್‌ನಿಂದ ಈ ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಕಾನೂನುಬಾಹಿರ. ಆದರೂ ಹೆದ್ದಾರಿ ಬದಿಯಲ್ಲಿ ಹಗ್ಗಕ್ಕೆ ಕಟ್ಟಿ ಮಾರುವ ಟೋಪಿಗಳು ಸಿಗುತ್ತಲೇ ಇವೆ. ಅವು ದಂಡ ತಪ್ಪಿಸಬಹುದು, ತಲೆ ಉಳಿಸುವುದಿಲ್ಲ. ಕಿವಿಯ ಮೇಲೆ ನಿಲ್ಲುವ ಅರ್ಧ ಟೋಪಿಯೂ ಅಷ್ಟೆ. ಒಳ್ಳೆಯದೊಂದು ಹೆಲ್ಮೆಟ್ ಹೆಚ್ಚುಕಡಿಮೆ ಒಂದು ಮೂಟೆ ಪಶು ಆಹಾರದ ಬೆಲೆಗೆ ಸಿಗುತ್ತದೆ.

ಅಳತೆ ಮುಖ್ಯ. ಗಂಡನ ಹೆಲ್ಮೆಟ್ ಹೆಂಡತಿಯ ತಲೆಯಲ್ಲಿ ಬಿಂದಿಗೆಯೊಳಗಿನ ಲೋಟದ ಹಾಗೆ ಅಲ್ಲಾಡುತ್ತಿದ್ದರೆ ಬಿದ್ದ ಕ್ಷಣ ಅದು ಹಾರಿಹೋಗುತ್ತದೆ, ತಲೆ ಆಮೇಲೆ ರಸ್ತೆಗೆ ಬಡಿಯುತ್ತದೆ. ಗಲ್ಲದ ಪಟ್ಟಿ ಕಟ್ಟದಿದ್ದರೂ ಅದೇ ಕತೆ. ಪಟ್ಟಿ ಕಟ್ಟಿದ ಮೇಲೆ ಒಂದು ಬೆರಳು ನುಸುಳುವಷ್ಟು ಸಡಿಲವಿದ್ದರೆ ಸಾಕು. ತುರುಬು ಎತ್ತರಕ್ಕೆ ಕಟ್ಟಿದರೆ ಹೆಲ್ಮೆಟ್ ಕೂರುವುದಿಲ್ಲ ಎಂಬ ದೂರು ನಿಜ. ಜಡೆ ಹೆಣೆದು ಬೆನ್ನ ಮೇಲೆ ಬಿಡಿ, ಇಲ್ಲವೇ ಗಂಟನ್ನು ಕತ್ತಿನ ಬುಡಕ್ಕೆ ಇಳಿಸಿ. ಹೂವು ಡೇರಿಯಿಂದ ವಾಪಸು ಬಂದು ಮುಡಿದರೂ ಬಾಡುವುದಿಲ್ಲ.

ಒಂದೇ ಕಡೆ ಕಾಲು

ಎರಡು ಕಾಲೂ ಎಡಕ್ಕೆ ಇಳಿಬಿಟ್ಟು, ಮಡಿಲಲ್ಲಿ ಕ್ಯಾನ್ ಇಟ್ಟುಕೊಂಡು, ಒಂದು ಕೈಯಲ್ಲಿ ಸೆರಗು ಹಿಡಿದು ಕೂರುವುದು ನಮಗೆಲ್ಲ ರೂಢಿ. ಇದರಲ್ಲಿ ಏನು ಅಪಾಯ ಎಂದರೆ, ಹಾಗೆ ಕೂತವರಿಗೆ ಗಾಡಿಯ ಮೇಲೆ ಹಿಡಿತವೇ ಇರುವುದಿಲ್ಲ. ಎರಡೂ ಕಡೆ ಕಾಲು ಹಾಕಿ ಕೂತವರು ಮೊಣಕಾಲುಗಳಿಂದ ಸೀಟನ್ನು ಒತ್ತಿ ಹಿಡಿಯುತ್ತಾರೆ, ಎರಡು ಕಾಲಿಗೂ ಆಧಾರ ಇರುತ್ತದೆ. ಅಡ್ಡ ಕೂತವರಿಗೆ ಇರುವುದು ಒಂದೇ ಕಾಲಿನ ಆಧಾರ. ಗಾಡಿ ಹಂಪ್ ಹತ್ತಿ ಇಳಿದಾಗ ಸೀಟಿನಿಂದ ಒಂದು ಗೇಣು ಮೇಲೆದ್ದರೆ ಮತ್ತೆ ಅದೇ ಜಾಗಕ್ಕೆ ಬರುತ್ತೇವೆಂಬ ಖಾತ್ರಿ ಇಲ್ಲ. ಇದ್ದಕ್ಕಿದ್ದಂತೆ ಬ್ರೇಕ್ ಹಾಕಿದರೆ ದೇಹ ಮುಂದಕ್ಕೆ ಹೋಗಲು ಸವಾರನ ಬೆನ್ನು ತಡೆಯಾಗುವುದಿಲ್ಲ, ಪಕ್ಕಕ್ಕೆ ತಿರುಚಿಕೊಂಡು ಹೋಗುತ್ತದೆ. ಹಿಂದಕ್ಕೆ ಜಾರಿದರೆ ಮೊದಲು ನೆಲ ಮುಟ್ಟುವುದು ತಲೆಯ ಹಿಂಭಾಗ. ಇನ್ನೊಂದು ಮಾತು: ಗಾಡಿಯ ತೂಕ ಎಡಕ್ಕೆ ಎಳೆಯುವುದರಿಂದ ಓಡಿಸುವವರಿಗೂ ತೂಗಿಸಿಕೊಂಡು ಹೋಗುವುದು ಕಷ್ಟ, ಅದೂ ನಿಧಾನವಾಗಿ ತಿರುಗುವಾಗ.

ಸೀರೆ ಉಡಬೇಡಿ ಎಂದು ಹೇಳುವುದು ಸುಲಭ, ಹಾಗೆ ಹೇಳುವವರು ಸಾಮಾನ್ಯವಾಗಿ ಸೀರೆ ಉಡದವರು. ಆಗುವವರು, ಅದರಲ್ಲೂ ಚೂಡಿದಾರ್ ಹಾಕುವ ಹೆಣ್ಣುಮಕ್ಕಳು, ಎರಡೂ ಕಡೆ ಕಾಲು ಹಾಕಿ ಕೂರಲಿ. ಅದಕ್ಕೆ ಅತ್ತೆಯಾದವರು ಮುಖ ಸಿಂಡರಿಸದೆ ಇರಲಿ. ಅಡ್ಡ ಕೂರಲೇಬೇಕಾದವರು ಬಲಗೈಯಿಂದ ಸವಾರನ ಸೊಂಟ ಬಳಸಿ, ಎಡಗೈಯಲ್ಲಿ ಸೀಟಿನ ಹಿಂದಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದು, ಎರಡು ಪಾದವನ್ನೂ ಪಟ್ಟಿಯ ಮೇಲೆ ಊರಿ ಕೂರಬೇಕು. ಅಂದರೆ ಎರಡು ಕೈಯೂ ಖಾಲಿ ಇರಬೇಕು. ಮಡಿಲಲ್ಲಿ ಕ್ಯಾನ್ ಇದ್ದರೆ ಇದು ಆಗದ ಮಾತು.

ಹಿಂದೆ ಕೂರುವವರಿಗೆ ಕೈಹಿಡಿ, ಕಾಲಿಡಲು ಪಟ್ಟಿ, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಮುಚ್ಚುವ ರಕ್ಷಣೆ, ಈ ಮೂರೂ ಪ್ರತಿ ಬೈಕಿನಲ್ಲಿ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ನಾವು ಸೀರೆ ಗಾರ್ಡ್ ಎನ್ನುವ ಆ ಕಂಬಿಯನ್ನು ಗಾಡಿ ಮನೆಗೆ ಬಂದ ವಾರದಲ್ಲೇ ‘ಲುಕ್ ಇಲ್ಲ’ ಎಂದು ಬಿಚ್ಚಿಸಿ ಹಾಕುವ ಹುಡುಗರಿದ್ದಾರೆ. ಅದು ಹಳೆ ಸಾಮಾನಿನ ಜೊತೆ ಅಟ್ಟದ ಮೇಲಿದ್ದರೆ ಇಳಿಸಿ ಮತ್ತೆ ಕೂರಿಸಿ.

ಸೆರಗು, ದುಪಟ್ಟ, ಚಳಿಗಾಲದಲ್ಲಿ ಕತ್ತಿಗೆ ಸುತ್ತುವ ಮಫ್ಲರ್ ಇವು ಚಕ್ರಕ್ಕೋ ಚೈನಿಗೋ ಸಿಕ್ಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸುತ್ತಿಕೊಳ್ಳುತ್ತವೆ. ಸೀರೆಯಾದರೆ ಎಳೆದು ಕೆಡವುತ್ತದೆ. ಕತ್ತಿಗೆ ಸುತ್ತಿದ ದುಪಟ್ಟವಾದರೆ ಕುಣಿಕೆಯಾಗುತ್ತದೆ, ಕತ್ತಿನ ಮೂಳೆಗೂ ಉಸಿರಿನ ಕೊಳವೆಗೂ ಏಟು. ಗದ್ದೆಗೆ ಇಳಿಯುವಾಗ ಸೆರಗನ್ನು ಹೇಗೆ ಸುತ್ತಿ ಸೊಂಟಕ್ಕೆ ಸಿಕ್ಕಿಸುತ್ತೇವೋ ಹಾಗೆಯೇ ಗಾಡಿ ಹತ್ತುವಾಗಲೂ ಸಿಕ್ಕಿಸಿ. ದುಪಟ್ಟದ ಎರಡು ತುದಿಯನ್ನೂ ಬೆನ್ನ ಹಿಂದೆ ಬಿಡದೆ ಸೊಂಟಕ್ಕೆ ಗಂಟು ಹಾಕಿ.

ಮಕ್ಕಳ ವಿಷಯದಲ್ಲಿ ಎರಡು ಅಪಾಯ. ಹಿಂದೆ ಕೂತ ಮಗುವಿನ ಕಾಲು ಪಟ್ಟಿಗೆ ಎಟುಕದೆ ತೂಗಾಡಿ ಚಕ್ರದ ಕಡ್ಡಿಗಳ ನಡುವೆ ಹೋಗುತ್ತದೆ. ಹಿಮ್ಮಡಿಯ ಚರ್ಮ ಮಾಂಸ ಕಿತ್ತುಬರುವ ಈ ಗಾಯ ಮೂಳೆ ವೈದ್ಯರಿಗೆಲ್ಲ ಚೆನ್ನಾಗಿ ಗೊತ್ತು, ವಾಸಿಯಾಗಲು ತಿಂಗಳುಗಳೇ ಬೇಕು. ಎರಡನೆಯದು, ಟ್ಯಾಂಕಿನ ಮೇಲೆ ಕೂರಿಸುವುದು. ಡಿಕ್ಕಿಯಾದಾಗ ಮಗು ಹ್ಯಾಂಡಲ್ಲಿಗೂ ಹಿಂದಿನಿಂದ ಬರುವ ದೊಡ್ಡವರ ಮೈಭಾರಕ್ಕೂ ನಡುವೆ ಸಿಕ್ಕುತ್ತದೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸವಾರನ ಮೈಗೆ ಕಟ್ಟುವ ಬೆಲ್ಟು, ಅಳತೆಯ ಹೆಲ್ಮೆಟ್ ಇರಬೇಕು, ವೇಗ 40 ಮೀರಬಾರದು ಎಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ.

ಕ್ಯಾನ್, ಹೊರೆ, ಮೂಟೆ

ಅರ್ಧ ತುಂಬಿದ ಕ್ಯಾನ್ ಪೂರ್ತಿ ತುಂಬಿದ್ದಕ್ಕಿಂತ ಕೆಟ್ಟದ್ದು. ತಿರುವಿನಲ್ಲಿ ಹಾಲು ಒಂದು ಬದಿಗೆ ಹೊಡೆದು ಗಾಡಿಯನ್ನು ಆ ಕಡೆಗೆ ಎಳೆಯುತ್ತದೆ. ಒಂದೇ ಕಡೆ ಕ್ಯಾನ್ ತೂಗುಹಾಕುವುದು, ಅದೇ ಕಡೆಗೆ ಕಾಲು ಹಾಕಿ ಒಬ್ಬರು ಕೂರುವುದು, ಇವೆರಡೂ ಸೇರಿದರೆ ಮರಳಿನ ಮೇಲೆ ಗಾಡಿ ನಿಲ್ಲುವುದಿಲ್ಲ. ಕ್ಯಾನ್ ಎರಡಿದ್ದರೆ ಎರಡು ಬದಿಗೂ ಸಮ ತೂಕವಾಗಿ, ಚಕ್ರದ ಅಚ್ಚಿಗೆ ಆದಷ್ಟು ಹತ್ತಿರಕ್ಕೆ ಇಳಿಸಿ, ಹಳೆ ಟ್ಯೂಬಿನ ರಬ್ಬರಿನಿಂದ ಬಿಗಿದು ಕಟ್ಟಬೇಕು. ಒಂದೇ ಇದ್ದರೆ ಕ್ಯಾರಿಯರ್ ಮೇಲೆ ನಡುಮಧ್ಯೆ ಕಟ್ಟಿ, ಹಿಂದೆ ಯಾರೂ ಕೂರದೆ ಒಬ್ಬರೇ ಹೋಗುವುದು ಸರಿ.

ಮಡಿಲಲ್ಲಿಟ್ಟ ಕ್ಯಾನ್ ಬಗ್ಗೆ ಇನ್ನೂ ಒಂದು ಮಾತು ಹೇಳಲೇಬೇಕು. ಡಿಕ್ಕಿಯಾದರೆ ಸವಾರನ ಬೆನ್ನಿಗೂ ನಮ್ಮ ಹೊಟ್ಟೆಗೂ ನಡುವೆ ಇರುವುದು ಸ್ಟೀಲಿನ ಅಂಚು. ಹೊಟ್ಟೆಗೆ ಬೀಳುವ ಇಂಥ ಪೆಟ್ಟಿಗೆ ಹೊರಗೆ ಗಾಯವೇ ಕಾಣದಿರಬಹುದು, ಒಳಗೆ ಗುಲ್ಮವೋ ಲಿವರ್ರೋ ಹರಿದು ರಕ್ತ ಸೋರುತ್ತಿರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ತಲೆ ಸುತ್ತು, ತಣ್ಣನೆ ಬೆವರು, ಹೊಟ್ಟೆ ಬಿಗಿತ, ಎಡ ಅಥವಾ ಬಲ ಭುಜದ ತುದಿಯಲ್ಲಿ ನೋವು ಬಂದರೆ ಅದು ಗ್ಯಾಸ್ ಅಲ್ಲ. ಸೋಡಾ ಕುಡಿಸಿ ಮಲಗಿಸುವ ಬದಲು ಆಸ್ಪತ್ರೆಗೆ ಕರೆದೊಯ್ಯಬೇಕು.

ಮೇವಿನ ಹೊರೆಯನ್ನು ಗಾಡಿಗೆ ಅಡ್ಡ ಕಟ್ಟಿದರೆ ಬೈಕು ಕಾರಿನಷ್ಟು ಅಗಲವಾಗುತ್ತದೆ, ಆದರೆ ಎದುರಿನಿಂದ ಬರುವವನ ಲೆಕ್ಕದಲ್ಲಿ ಅದಿನ್ನೂ ಬೈಕೇ. ಹೊರೆ ಹಿಂದಿನ ದೀಪ ಮುಚ್ಚಿದರೆ ಮುಸ್ಸಂಜೆಯಲ್ಲಿ ಹಿಂದಿನ ಲಾರಿಗೆ ಕಾಣುವುದು ಕತ್ತಲೆಯ ಗುಪ್ಪೆಯೊಂದೇ. ಆ ಹೊರೆಯ ಮೇಲೆ ಹೆಂಡತಿಯನ್ನೋ ತಾಯಿಯನ್ನೋ ಕೂರಿಸಿಕೊಂಡು ಬರುವುದನ್ನು ನಾವೆಲ್ಲ ದಿನಾ ನೋಡುತ್ತೇವೆ. ಅಲ್ಲಿ ಹಿಡಿಯಲು ಹಿಡಿಯಿಲ್ಲ, ಊರಲು ಪಟ್ಟಿಯಿಲ್ಲ, ಬೀಳುವ ಎತ್ತರವೂ ಹೆಚ್ಚು. ಹೊರೆ ಒಂದು ಸಲ, ಮನುಷ್ಯರು ಇನ್ನೊಂದು ಸಲ. ಪೆಟ್ರೋಲು ಖರ್ಚಾಗುತ್ತದೆ, ಆಗಲಿ. ಸ್ಕೂಟರಿನ ಮುಂದೆ ಕಾಲಿಡುವ ಜಾಗದಲ್ಲಿ 50 ಕೆ.ಜಿ. ಮೂಟೆ ಇಟ್ಟು ಕಾಲು ಹೊರಗೆ ಚಾಚಿ ಓಡಿಸುವುದೂ ಇದೇ ಜಾತಿಯದು: ಕಾಲು ಮುರಿಯಲು ಅದಕ್ಕಿಂತ ಅನುಕೂಲದ ಭಂಗಿ ಇಲ್ಲ.

ಸುಗ್ಗಿಯ ರಸ್ತೆ

ಇಲ್ಲಿ ನಮ್ಮದೇ ಪಾಲೂ ಇದೆ, ಮುಚ್ಚಿಡುವುದು ಬೇಡ. ಹುರುಳಿ, ರಾಗಿ, ಅವರೆ ಸುಗ್ಗಿ ಬಂದರೆ ಟಾರು ರಸ್ತೆಯೇ ಕಣ. ಹುಲ್ಲು ಒಂದಡಿ ದಪ್ಪ ಹರಡಿ, ವಾಹನಗಳು ತುಳಿದು ಒಕ್ಕಣೆ ಮಾಡಿಕೊಡಲೆಂದು ಬಿಡುತ್ತೇವೆ. ಕಾರಿಗೆ ಅದು ಸದ್ದು ಮಾತ್ರ. ಎರಡು ಚಕ್ರದ ಗಾಡಿಗೆ ಹುರುಳಿ ಕಾಳು ಗೋಲಿಗಳ ರಾಶಿ. ಬ್ರೇಕ್ ಹಿಡಿದರೆ ಟೈರು ನೆಲ ಮುಟ್ಟುವುದೇ ಇಲ್ಲ. ಸೊಪ್ಪು ಚೈನಿಗೂ ಅಚ್ಚಿಗೂ ಸುತ್ತಿಕೊಂಡು ಚಕ್ರ ನಿಂತುಹೋಗುವುದೂ ಉಂಟು. ಅದಕ್ಕಿಂತ ಕೆಟ್ಟದ್ದು ರಾತ್ರಿ. ಕಾಳಿನ ರಾಶಿ ಕಾಯಲು ಸುತ್ತ ಕಲ್ಲು ಜೋಡಿಸಿ ಮನೆಗೆ ಹೋಗುತ್ತೇವೆ. ಕಪ್ಪು ರಸ್ತೆಯ ಮೇಲೆ ಕಪ್ಪು ಕಲ್ಲು. ಬೆಳಗಿನ ಜಾವ ಹಾಲಿನ ಕ್ಯಾನ್ ಹೊತ್ತು ಬರುವವರು ನಮ್ಮೂರಿನವರೇ. ಸಾಮೂಹಿಕ ಒಕ್ಕಣೆ ಕಣ ಇರುವ ಕಡೆ ಅಲ್ಲಿಗೇ ಸಾಗಿಸಿ. ಇಲ್ಲದ ಕಡೆ ಗ್ರಾಮಸಭೆಯಲ್ಲಿ ಕೇಳಿ. ಕಲ್ಲುಗಳನ್ನಂತೂ ಕತ್ತಲಾಗುವ ಮೊದಲು ತೆಗೆಯಬೇಕು.

ಹಸು ಎಮ್ಮೆಗಳನ್ನು ರಸ್ತೆಯ ಒಂದು ಬದಿಗೆ ಕಟ್ಟಿ ಇನ್ನೊಂದು ಬದಿಯಲ್ಲಿ ಮೇಯಲು ಬಿಟ್ಟರೆ ನಡುವೆ ಬಿಗಿದು ನಿಲ್ಲುವ ಹಗ್ಗವೂ ಬೈಕಿನವರ ಕತ್ತಿನ ಮಟ್ಟಕ್ಕೇ ಬರುತ್ತದೆ. ಕೊಟ್ಟಿಗೆ ತೊಳೆದ ನೀರು ರಸ್ತೆಗೆ ಹರಿದು ಪಾಚಿಗಟ್ಟುವುದು, ಮೊದಲ ಮಳೆಗೆ ಧೂಳೂ ಎಣ್ಣೆಯೂ ಸೇರಿ ರಸ್ತೆ ಸಾಬೂನಾಗುವುದು, ಇವೂ ಲೆಕ್ಕದಲ್ಲಿರಲಿ.

ಗಾಡಿಯ ಬಗ್ಗೆ ಹೆಚ್ಚು ಬೇಡ. ಬೋಳು ಟೈರು ಬದಲಿಸಿ. 2019ರ ಏಪ್ರಿಲ್ ನಂತರ ಬಂದ 125 ಸಿಸಿವರೆಗಿನ ಗಾಡಿಗಳಲ್ಲಿ ಒಂದು ಬ್ರೇಕ್ ಹಿಡಿದರೆ ಎರಡೂ ಚಕ್ರಕ್ಕೆ ಹಿಡಿಯುವ ವ್ಯವಸ್ಥೆ ಇದೆ, ಹಳೆಯ ಎಕ್ಸೆಲ್‌ಗಳಲ್ಲಿ ಇಲ್ಲ. ಅವುಗಳಲ್ಲಿ ಹೊರೆ ಹೇರಿಕೊಂಡು ಇಳಿಜಾರಿನಲ್ಲಿ ಬರುವಾಗ ನಿಲ್ಲಲು ಬೇಕಾಗುವ ದೂರ ಹೆಚ್ಚು ಎಂಬುದು ನೆನಪಿದ್ದರೆ ಸಾಕು.

ಯಾರು ಓಡಿಸುತ್ತಾರೆ

ಡೇರಿಗೆ ಹಾಲು ಹಾಕಿ ಬರಲು ಹೈಸ್ಕೂಲು ಹುಡುಗನ ಕೈಗೆ ಬೀಗದ ಕೈ ಕೊಡುವುದು ಹಳ್ಳಿಗಳಲ್ಲಿ ಹೆಮ್ಮೆಯ ವಿಷಯವೇ ಆಗಿದೆ. 2019ರ ತಿದ್ದುಪಡಿಯ ನಂತರ ಕಾಯ್ದೆಯ 199ಎ ಕಲಂ ಪ್ರಕಾರ, 18 ತುಂಬದವರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಒಡೆಯರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಇಲ್ಲ. ಗಾಡಿ ನಿಮ್ಮ ಹೆಸರಿನಲ್ಲಿದ್ದರೆ ಜೈಲಿನ ಬಾಗಿಲಿಗೆ ಹೋಗುವ ಹೆಸರೂ ನಿಮ್ಮದೇ.

ಕುಡಿದು ಓಡಿಸುವವರ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ. ಕುಡಿದವರು ಹೆಲ್ಮೆಟ್ ಹಾಕುವುದಿಲ್ಲ, ವೇಗದ ಅಂದಾಜು ಇರುವುದಿಲ್ಲ, ಬೀಳುವಾಗ ಕೈ ಮುಂದೆ ಮಾಡಿ ತಡೆದುಕೊಳ್ಳುವ ಚುರುಕೂ ಇರುವುದಿಲ್ಲ, ಹಾಗಾಗಿ ಅವರಿಗೂ ಹಿಂದಿನವರಿಗೂ ಪೆಟ್ಟು ದೊಡ್ಡದು. ಹೆಂಡತಿ ‘ನಾನು ಹತ್ತಲ್ಲ’ ಎಂದು ಸಂತೆಯ ನಡುವೆ ಹೇಳುವುದು ಎಷ್ಟು ಕಷ್ಟ ಎಂಬುದು ಗೊತ್ತು. ಬಸ್ ನಿಲ್ದಾಣಕ್ಕೆ ನಡೆದುಬಿಡುವುದು ಮಾತಾಡುವುದಕ್ಕಿಂತ ಸುಲಭ.

ಅವಸರದ ಮಾತಿಗೆ ಬಂದರೆ, ಅದರ ಅರ್ಧ ಕಾರಣ ಡೇರಿಯ ಹೊತ್ತು. ಹಾಲಿನ ಗಾಡಿ ಬರುವ ಮೊದಲು ತಲುಪಬೇಕು; ಕರು ಬಿಡುವುದು ತಡವಾಯಿತು, ಕರೆಂಟು ಹೋಗಿ ಮಿಲ್ಕಿಂಗ್ ಮೆಷಿನ್ ನಿಂತಿತು, ಉಳಿದ ಹತ್ತು ನಿಮಿಷವನ್ನು ರಸ್ತೆಯ ಮೇಲೆ ಗಳಿಸಲು ನೋಡುತ್ತೇವೆ. ಎರಡು ಕಿಲೋಮೀಟರ್ ದಾರಿಯನ್ನು 40ರ ಬದಲು 60ರಲ್ಲಿ ಹೋದರೆ ಉಳಿಯುವುದು ಬರೀ ಒಂದು ನಿಮಿಷ. ಕೊನೆಯ ಹತ್ತು ನಿಮಿಷದಲ್ಲಿ ನೂಕುನುಗ್ಗಲು ಆಗುವ ಸಂಘಗಳಲ್ಲಿ ಹಾಲು ತೆಗೆದುಕೊಳ್ಳುವ ಸಮಯವನ್ನು ಸ್ವಲ್ಪ ಮುಂಚೆ ಶುರು ಮಾಡಲಾದೀತೇ ಎಂದು ಸರ್ವಸದಸ್ಯರ ಸಭೆಯಲ್ಲಿ ಕೇಳುವುದರಲ್ಲಿ ತಪ್ಪಿಲ್ಲ.

ಬಿದ್ದ ಮೇಲೆ

ತಲೆಗೆ ಪೆಟ್ಟಾದವರು ಎದ್ದು ಕೂತು ‘ಏನಾಗಿಲ್ಲ ಬಿಡಿ’ ಎಂದು ನೀರು ಕೇಳಿ, ಮನೆಗೆ ಬಂದು ಒಂದೆರಡು ಗಂಟೆಯಲ್ಲಿ ಪ್ರಜ್ಞೆ ತಪ್ಪುವುದುಂಟು. ತಲೆಬುರುಡೆಗೂ ಮಿದುಳಿಗೂ ನಡುವೆ ನಿಧಾನವಾಗಿ ರಕ್ತ ತುಂಬುವಾಗ ಹೀಗಾಗುತ್ತದೆ. ಆ ನಡುವಿನ ಒಂದೆರಡು ಗಂಟೆಯೇ ಜೀವ ಉಳಿಸುವ ಹೊತ್ತು. ಹೆಚ್ಚುತ್ತಾ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಮಂಪರು, ತೊದಲು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಕಿವಿ ಮೂಗಿನಿಂದ ರಕ್ತ ಅಥವಾ ನೀರು, ಫಿಟ್ಸ್ ಇವುಗಳಲ್ಲಿ ಒಂದಿದ್ದರೂ ತಲೆಯ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಬೇಕು. ‘ಮಲಗಿ ಎದ್ದರೆ ಸರಿಹೋಗುತ್ತೆ’ ಎಂದು ಮಲಗಿಸಬೇಡಿ.

ಬಿದ್ದವರ ಕತ್ತು ಮಡಚದಂತೆ ನೋಡಿಕೊಳ್ಳಿ. ಉಸಿರಾಡುತ್ತಿದ್ದರೆ ಹೆಲ್ಮೆಟ್ ಎಳೆದು ತೆಗೆಯಬೇಡಿ, ಮುಂದಿನ ಗಾಜು ಎತ್ತಿದರೆ ಸಾಕು. ಬಾಯಿಗೆ ನೀರು ಹಾಕಬೇಡಿ. ರಕ್ತ ಬರುವ ಜಾಗಕ್ಕೆ ಶುಭ್ರವಾದ ಬಟ್ಟೆ ಒತ್ತಿ ಹಿಡಿಯಿರಿ. ಅರಿಶಿನ, ಕಾಫಿಪುಡಿ, ಬೂದಿ ಯಾವುದೂ ಬೇಡ. ಧನುರ್ವಾಯು ತರುವ ರೋಗಾಣು ಮಣ್ಣಿನಲ್ಲೂ ಸಗಣಿಯಲ್ಲೂ ಇರುತ್ತದೆ. ಕೊಟ್ಟಿಗೆಯ ಕೆಲಸದ ಕಾಲಲ್ಲೇ ಗಾಡಿ ಹತ್ತುವ ನಮಗೆ ಆದ ತರಚು ಗಾಯಕ್ಕೂ ಇಂಜೆಕ್ಷನ್ ಬೇಕೇ ಎಂದು ವೈದ್ಯರನ್ನು ಕೇಳಲೇಬೇಕು.

108 ಅಥವಾ 112ಕ್ಕೆ ಕರೆ ಮಾಡಿ. ‘ಪೊಲೀಸ್ ಕೇಸು ಯಾಕೆ’ ಎಂದು ಹೆದರಬೇಕಾಗಿಲ್ಲ. ಗಾಯಾಳುವಿಗೆ ನೆರವಾದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಹೆಸರು ಹೇಳೆಂದು ಬಲವಂತ ಮಾಡುವಂತಿಲ್ಲ ಎಂದು ಕಾಯ್ದೆಯ 134ಎ ಕಲಂ ರಕ್ಷಣೆ ಕೊಟ್ಟಿದೆ. ಅಪಘಾತವಾದ ದಿನದಿಂದ ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದು ಕಟ್ಟದೆ ಚಿಕಿತ್ಸೆ ಕೊಡುವ ಕೇಂದ್ರ ಸರ್ಕಾರದ ಯೋಜನೆ 2025ರ ಮೇ ತಿಂಗಳಿಂದ ಇದೆ. ಆಸ್ಪತ್ರೆಯಲ್ಲಿ ಕೇಳಿ ಪಡೆಯಿರಿ.

ಇನ್ನು ವಿಮೆ. ಹಸುವಿಗೆ ವಿಮೆ ಮಾಡಿಸಿ ಕಿವಿಗೆ ಓಲೆ ಹಾಕಿಸುತ್ತೇವೆ, ಅದನ್ನು ಕರೆಯುವವರಿಗೆ ಏನಿದೆ ಎಂದು ನೋಡುವುದಿಲ್ಲ. ಬೈಕಿನ ಪೆಟ್ಟಿಗೆಯಲ್ಲಿರುವ ಪಾಲಿಸಿ ಬರೀ ಥರ್ಡ್ ಪಾರ್ಟಿ ಆಗಿದ್ದರೆ, ನಿಮ್ಮದೇ ಗಾಡಿ ಜಾರಿ ಬಿದ್ದಾಗ ಹಿಂದೆ ಕೂತಿದ್ದ ನಿಮಗೆ ಅದರಿಂದ ಪರಿಹಾರ ಸಿಗುವುದಿಲ್ಲ. 2006ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಪ್ಯಾಕೇಜ್ ಪಾಲಿಸಿ, ಅಂದರೆ ಫುಲ್ ಇನ್ಶೂರೆನ್ಸ್ ಆಗಿದ್ದರೆ ಹಿಂದೆ ಕೂತವರಿಗೂ ಅನ್ವಯಿಸುತ್ತದೆ. ಗಾಡಿಯ ಒಡೆಯರೇ ಓಡಿಸುವಾಗ ಸತ್ತರೆ 15 ಲಕ್ಷದ ಅಪಘಾತ ವಿಮೆ ಉಂಟು, ಅದೂ ಆ ವಿಮೆ ಮಾಡಿಸಿದ್ದು ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಮಾತ್ರ.

ಬೇರೆ ವಾಹನದ ತಪ್ಪಿನಿಂದ ಆದ ಅಪಘಾತದಲ್ಲಿ ನ್ಯಾಯಮಂಡಳಿ ಪರಿಹಾರ ಲೆಕ್ಕ ಹಾಕುವಾಗ ಮೊದಲು ಕೇಳುವುದು ಆದಾಯ. ‘ಮನೆಯಲ್ಲೇ ಇದ್ದರು’ ಎಂದು ಬರೆಸಿದರೆ ಮೊತ್ತ ಕುಗ್ಗುತ್ತದೆ. ದೆಹಲಿಯಲ್ಲಿ 2014ರಲ್ಲಿ ಬೈಕಿನಲ್ಲಿ ಹೋಗುತ್ತಿದ್ದ ದಂಪತಿ ಕಾರು ಡಿಕ್ಕಿಯಾಗಿ ಸತ್ತ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಗೃಹಿಣಿಯ ದುಡಿಮೆಗೂ ಹಣದ ಬೆಲೆ ಕಟ್ಟಲೇಬೇಕು ಎಂದಿತು. ಹಳ್ಳಿಯ ಹೆಂಗಸರು ಹೊಲದ ಕೆಲಸದ ಜೊತೆ ದನಕರು ನೋಡಿಕೊಳ್ಳುವುದನ್ನೂ ತೀರ್ಪಿನಲ್ಲಿ ಹೆಸರಿಸಿತು. ನಮ್ಮಲ್ಲಿ ಅದಕ್ಕೆ ಕಾಗದದ ಸಾಕ್ಷಿಯೇ ಇದೆ. ಸಂಘದ ಸದಸ್ಯತ್ವ ನಿಮ್ಮ ಹೆಸರಿನಲ್ಲಿದ್ದು ಬಟವಾಡೆ ನಿಮ್ಮ ಖಾತೆಗೇ ಬರುತ್ತಿದ್ದರೆ ಹಾಲಿನ ಪಾಸ್ ಪುಸ್ತಕ, ಬ್ಯಾಂಕಿನ ಪಾಸ್ ಪುಸ್ತಕ ಎರಡನ್ನೂ ಜೋಪಾನ ಮಾಡಿ.

ಇವೆಲ್ಲಕ್ಕಿಂತ ಸುಲಭದ್ದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ವರ್ಷಕ್ಕೆ 20 ರೂಪಾಯಿ, 18ರಿಂದ 70 ವರ್ಷದವರೆಗೆ. ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಅಂಗವಿಕಲರಾದರೆ ಎರಡು ಲಕ್ಷ, ಭಾಗಶಃ ಶಾಶ್ವತ ಅಂಗವಿಕಲತೆಗೆ ಒಂದು ಲಕ್ಷ. ಗಾಡಿ ಯಾರದು, ಎಲ್ಲಿ ಕೂತಿದ್ದಿರಿ ಎಂದು ಅದು ಕೇಳುವುದಿಲ್ಲ. ಬಟವಾಡೆ ಬರುವ ಬ್ಯಾಂಕಿನಲ್ಲೇ ಒಂದು ಅರ್ಜಿ ತುಂಬಿಕೊಟ್ಟರೆ ಆಯಿತು. ವಿಮೆಯ ವರ್ಷ ಜೂನ್ 1ರಿಂದ ಮೇ 31ರವರೆಗೆ, ಹಣ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಮೇ ಕೊನೆಯಲ್ಲಿ ಮಕ್ಕಳ ಶಾಲೆ ಫೀಸಿಗೆಂದು ಖಾತೆಯನ್ನು ಪೂರ್ತಿ ಬರಿದು ಮಾಡುವಾಗ ಆ 20 ರೂಪಾಯಿಯನ್ನು ಬಿಟ್ಟು ತೆಗೆಯಿರಿ.